‘ಕರೆತಂದವರು’ ಎಂಬ ಕಾಲಮ್ಮು

(ಉಡುಪಿಯಲ್ಲಿ ರಿಕ್ಷಾ ಚಾಲಕರು, ಬಸ್ ಸಿಬ್ಬಂದಿ ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಕಾನೂನು ಮಾಹಿತಿ ಸಭೆಯಲ್ಲಿ ವಕೀಲರೊಬ್ಬರು ಆಡಿದ ಮಾತು. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಮೊದಲು ನಾನೇ ಮಾಡಿದ ಒಂದು ಕೆಲಸದ ಬಗ್ಗೆ ಹೇಳಿಬಿಡುತ್ತೇನೆ. ಅದನ್ನು ಹೇಳದೆ ನಿಮಗೆ ಕಾನೂನು ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಗ ನಾನು ಒಂದು ವಿಮಾ ಕಂಪೆನಿಯ ಪರವಾಗಿ ಅಪಘಾತ ಪರಿಹಾರದ ಕೇಸು ನಡೆಸುತ್ತಿದ್ದೆ. ನಮ್ಮ ಹೈವೇಗೆ ಇನ್ನೂ 66 ಎಂಬ ನಂಬರು ಬಂದಿರಲಿಲ್ಲ, 17 ಅಂತಲೇ ಹೇಳುತ್ತಿದ್ದದ್ದು. ಕಾಪುವಿನ ಹತ್ತಿರ ಮುಸ್ಸಂಜೆಯಲ್ಲಿ ಸೈಕಲಿನಲ್ಲಿ ಹೋಗುತ್ತಿದ್ದವರೊಬ್ಬರಿಗೆ ಕಾರು ಹೊಡೆಯಿತು. ಆ ಕಾರಿಗೆ ನಮ್ಮ ಕಂಪೆನಿಯ ವಿಮೆ. ಬಿದ್ದವರನ್ನು ಅದೇ ದಾರಿಯಲ್ಲಿ ಬಂದ ಒಬ್ಬ ರಿಕ್ಷಾದವರು ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಮುಟ್ಟಿಸಿದರು. ಅಲ್ಲಿನ ರಿಜಿಸ್ಟರಿನಲ್ಲಿ ‘ಕರೆತಂದವರು’ ಎಂದೊಂದು ಕಾಲಮ್ಮು ಉಂಟಲ್ಲ, ಅದರಲ್ಲಿ ಅವರ ಹೆಸರು, ಊರು, ರಿಕ್ಷಾ ನಂಬರು ಬರೆದುಕೊಂಡರು. ಅದು ಗಾಯದ ಸರ್ಟಿಫಿಕೇಟಿಗೆ ಹೋಯಿತು, ಅಲ್ಲಿಂದ ಪೊಲೀಸರ ಚಾರ್ಜ್‌ಶೀಟಿಗೆ, ಅಲ್ಲಿಂದ ಸಾಕ್ಷಿ ಪಟ್ಟಿಗೆ. ಕೊನೆಗೆ ಕಟಕಟೆಗೆ ಬಂದು ನಿಂತರು. ನಿಂತದ್ದು ನನ್ನ ಎದುರು.

‘ಅಪಘಾತ ಆಗುವಾಗ ನೀವು ಅಲ್ಲಿದ್ದಿರಾ?’

‘ಇಲ್ಲ. ನಾನು ಬರುವಾಗ ಅವರು ಬಿದ್ದಿದ್ದರು.’

‘ಬಿದ್ದವರ ಪರಿಚಯ ಉಂಟಾ?’

‘ಇಲ್ಲ.’

‘ಬಾಡಿಗೆ ಎಷ್ಟು ತೆಗೆದುಕೊಂಡಿರಿ?’

‘ತೆಗೆದುಕೊಳ್ಳಲಿಲ್ಲ.’

‘ಪರಿಚಯ ಇಲ್ಲ, ಬಾಡಿಗೆ ಇಲ್ಲ. ಮತ್ತೆ ಯಾಕೆ ಕರೆದುಕೊಂಡು ಹೋದಿರಿ? ನಿಮ್ಮ ರಿಕ್ಷಾವೇ ಅವರಿಗೆ ತಾಗಿದ್ದು, ಅದನ್ನು ಮುಚ್ಚಲಿಕ್ಕೆ ನೀವು ಕಾರಿನ ಕಥೆ ಕಟ್ಟಿದ್ದು ಎಂದರೆ ಸರಿಯಾ?’

‘ಎಂದರೆ ಸರಿಯಲ್ಲ’ ಅಂತ ದಾಖಲಾಯಿತು. ನಮ್ಮ ಕೋರ್ಟಿನ ಭಾಷೆ ಅದು. ಆದರೆ ಅವರು ಹಾಗೆ ಹೇಳಲಿಲ್ಲ. ಏನೂ ಹೇಳದೆ ನನ್ನ ಮುಖವನ್ನೇ ನೋಡಿದರು, ತಲೆ ಅಲ್ಲಾಡಿಸಿದರು. ವಾಹನ ಬೇರೆ ಅಂತ ಒಂದು ಸಂಶಯ ಹುಟ್ಟಿಸಿದರೆ ಕಂಪೆನಿಗೆ ಹಣ ಉಳಿಯುತ್ತದೆ. ಆ ಸಂಶಯ ಹುಟ್ಟಿಸುವುದಕ್ಕೇ ನನಗೆ ಫೀಸು.

ಮಧ್ಯಾಹ್ನ ಕೋರ್ಟಿನ ಹೊರಗೆ ಅವರೇ ಬಂದು ಮಾತಾಡಿಸಿದರು. ಜಗಳಕ್ಕಲ್ಲ. ‘ವಕೀಲ್ರೇ, ಆ ದಿನ ಸೀಟಿನ ಹೊಲಿಗೆಯ ಎಡೆಯಿಂದ ರಕ್ತ ಒಳಗೆ ಇಳಿದಿತ್ತು. ಮೇಲಿನಿಂದ ಎಷ್ಟು ತೊಳೆದರೂ ಫೋಮು ವಾಸನೆ ಬರುತ್ತಿತ್ತು. ರೆಕ್ಸಿನ್ ಸಮೇತ ಬದಲಿಸಲಿಕ್ಕೆ ನಾನ್ನೂರು ರೂಪಾಯಿ ಆಯಿತು. ಇಲ್ಲಿಗೆ ಬಂದದ್ದು ಇದು ಐದನೇ ಸಲ. ಇನ್ನು ಯಾರು ಬಿದ್ದರೂ ನಾನು ಬ್ರೇಕ್ ಹಾಕುವುದಿಲ್ಲ.’

ಹೇಳಿ ಹೋದರು. ಆಮೇಲೆ ಅವರು ಬ್ರೇಕ್ ಹಾಕಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಸು ಕಂಪೆನಿ ಸೋತಿತು, ಅದು ಬೇರೆ ವಿಷಯ.

ನಮ್ಮ ಕಡೆ ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ‘ನಂಕ್ ದಾಯೆಗ್ ಮಾರಾಯ’ ಎನ್ನುತ್ತೇವೆ, ನಮಗ್ಯಾಕೆ ಅಂತ. ಇದನ್ನು ಕೇಳಿದ ಕೂಡಲೇ ಜನರಲ್ಲಿ ಮನುಷ್ಯತ್ವ ಹೋಯಿತು ಅಂತ ಭಾಷಣ ಮಾಡುವವರು ಉಂಟು. ನಾನು ಒಪ್ಪುವುದಿಲ್ಲ. 2010ರ ಮೇ 22ರ ಬೆಳಗ್ಗೆ ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ಬಿದ್ದು 158 ಮಂದಿ ಸತ್ತರಲ್ಲ, ಆವತ್ತು ಆ ಹೊಗೆಯೊಳಗೆ ಇಳಿದವರು ಅಲ್ಲಿನ ಊರವರು. ಮನುಷ್ಯತ್ವಕ್ಕೆ ಏನೂ ಆಗಿಲ್ಲ. ಜನ ಹೆದರುವುದು ಆ ಕಾಲಮ್ಮಿಗೆ. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ 2013ರಲ್ಲಿ ಜನರನ್ನು ಕೇಳಿ ನೋಡಿತು. ಗಂಭೀರವಾಗಿ ಗಾಯಗೊಂಡವರಿಗೆ ನೆರವಾಗುವುದು ಅನುಮಾನ ಅಂದವರು ನೂರಕ್ಕೆ 74 ಮಂದಿ. ಅವರಲ್ಲಿ ನೂರಕ್ಕೆ 88 ಮಂದಿ ಕೊಟ್ಟ ಕಾರಣ ಪೊಲೀಸು, ಕೋರ್ಟು, ಅಲೆದಾಟ. ಆ ರಿಕ್ಷಾದವರು ಅಷ್ಟೂ ಮಂದಿಯ ಪರವಾಗಿ ನನ್ನ ಹತ್ತಿರ ಮಾತಾಡಿದ್ದರು ಅಂತ ಇಟ್ಟುಕೊಳ್ಳಿ.

ಇಲ್ಲಿ ಒಂದು ಗಂಟು ಉಂಟು. ಅದನ್ನು ಬಿಡಿಸಿ ನೋಡಬೇಕು. ಎತ್ತಿದವನು ಬೇರೆ, ಕಂಡವನು ಬೇರೆ. ಎತ್ತುವುದು ಕೈಯ ಕೆಲಸ, ಸಾಕ್ಷಿ ಕಣ್ಣಿನ ಕೆಲಸ. ನಮ್ಮ ವ್ಯವಸ್ಥೆ ಎಷ್ಟೋ ವರ್ಷ ಈ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿತ್ತು: ನೀನು ಎತ್ತಿದ್ದೀಯ, ಹಾಗಾದರೆ ಬಾ, ಸಾಕ್ಷಿ ಹೇಳು. ಈಗ ಆ ಹಗ್ಗ ಕೊಯ್ದಾಗಿದೆ. ನಾನು ಇವತ್ತು ಮುಖ್ಯವಾಗಿ ಹೇಳಲಿಕ್ಕೆ ಬಂದದ್ದು ಇಷ್ಟೇ. ಆದರೆ ಹೇಗೆ ಕೊಯ್ದರು, ಎಲ್ಲಿವರೆಗೆ ಕೊಯ್ದರು ಅಂತ ಗೊತ್ತಿಲ್ಲದಿದ್ದರೆ ಸ್ಟೇಷನ್ನಿನಲ್ಲಿ ನಿಮ್ಮ ಬಾಯಿ ಕಟ್ಟುತ್ತದೆ.

ನೆರವಾದವರಿಗೆ ರಕ್ಷಣೆ ಬೇಕು ಅಂತ ಸೇವ್‌ಲೈಫ್‌ನವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. 2015ರ ಮೇ 12ರಂದು ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿತು. ಮಾರ್ಗಸೂಚಿ ಅಂದರೆ ನಿಮಗೆ ಗೊತ್ತು, ಫೈಲಿನೊಳಗೆ ಮಲಗುವ ಕಾಗದ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ಹರೀಶ್ ಎಂಬ ಯುವಕ ತೀರಿಕೊಂಡದ್ದು, ಸಾಯುವ ಮೊದಲು ಅಂಗದಾನ ಮಾಡಿ ಅಂತ ಕೇಳಿಕೊಂಡದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಆತನ ಹೆಸರಿನಲ್ಲೇ ನಮ್ಮ ರಾಜ್ಯದಲ್ಲಿ ಸಾಂತ್ವನ ಹರೀಶ್ ಯೋಜನೆ ಬಂತು, ಅಪಘಾತವಾದವರಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ. ನೆರವಾದವರ ರಕ್ಷಣೆಗೆ ಅಂತಲೇ ಕರ್ನಾಟಕ 2016ರಲ್ಲಿ ಮಸೂದೆಯನ್ನೂ ಪಾಸು ಮಾಡಿತು, 2018ರಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಮತ್ತೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿತು, 2020ರ ಸೆಪ್ಟೆಂಬರ್ ಕೊನೆಯಲ್ಲಿ ಅದರ ನಿಯಮಗಳು ಬಂದವು. ಇಷ್ಟು ವರ್ಷ, ದಿನಾಂಕ ನಿಮಗೆ ಬಾಯಿಪಾಠ ಬೇಡ. ‘134ಎ’ ಒಂದು ನೆನಪಿಟ್ಟುಕೊಳ್ಳಿ. ರಿಕ್ಷಾದವರು ಮೀಟರಿನ ಹತ್ತಿರ ಬರೆದಿಟ್ಟರೂ ತಪ್ಪಿಲ್ಲ.

ಆ ಕಲಮಿನಲ್ಲಿ ನೆರವಾದವನಿಗೆ ಇಟ್ಟ ಹೆಸರು ‘ಗುಡ್ ಸಮರಿಟನ್’. ಮಂಗಳೂರು, ಉಡುಪಿಯ ಚರ್ಚಿಗೆ ಹೋಗುವವರಿಗೆ ಇದು ಹೊಸ ಹೆಸರಲ್ಲ. ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಒಳ್ಳೆಯ ಸಮಾರ್ಯದವನು. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಹಾಕಿದ್ದರು. ಯಾಜಕ ನೋಡಿ ಆಚೆ ಬದಿಯಿಂದ ಹೋದ, ದೇವಾಲಯದ ಸೇವೆಯ ಲೇವಿಯನೂ ಹೋದ. ಯಾರು ಕೀಳು ಅಂತ ಆ ಜನ ತಿಳಿದಿದ್ದರೋ ಆ ಸಮಾರ್ಯದವನು ನಿಂತ, ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಮುಟ್ಟಿಸಿದ. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಛತ್ರದವನು. ಅವನು ಬಂದವನ ಹೆಸರು ಕೇಳಿದ ಅಂತ ಎಲ್ಲೂ ಬರೆದಿಲ್ಲ! ಎರಡು ಸಾವಿರ ವರ್ಷ ಆದಮೇಲೆ ನಮ್ಮ 168ನೇ ನಿಯಮ ಅದನ್ನೇ ಹೇಳುತ್ತದೆ: ನೆರವಾದವನು ಹೆಸರು, ವಿಳಾಸ, ಫೋನ್ ನಂಬರು ಹೇಳಲೇಬೇಕು ಅಂತ ಪೊಲೀಸರಾಗಲಿ ಬೇರೆ ಯಾರಾಗಲಿ ಬಲವಂತ ಮಾಡುವಂತಿಲ್ಲ. ತಾನಾಗಿ ಹೇಳಿದರೆ ಹೇಳಬಹುದು. ಒಂದು ವ್ಯತ್ಯಾಸ ಉಂಟು, ಸಮಾರ್ಯದವನು ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು ಹೋಗಿದ್ದ. ನೀವು ಅಷ್ಟೂ ಕೊಡಬೇಕಾಗಿಲ್ಲ. ದಾಖಲಾತಿಗೆ ಅಂತ ನೆರವಾದವನ ಹತ್ತಿರ ಆಸ್ಪತ್ರೆ ಹಣ ಕೇಳುವಂತಿಲ್ಲ, ಅವನು ಗಾಯಾಳುವಿನ ಮನೆಯವನೇ ಆಗಿದ್ದರೆ ಮಾತು ಬೇರೆ. ಹೇಗೂ 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಬಂದಿದೆ.

ಈ ಹಕ್ಕುಗಳನ್ನೆಲ್ಲ ಪ್ರತಿ ಆಸ್ಪತ್ರೆ, ಸರಕಾರಿ ಇರಲಿ ಖಾಸಗಿ ಇರಲಿ, ಬಾಗಿಲಿನ ಹತ್ತಿರ ಹಿಂದಿ, ಇಂಗ್ಲಿಷ್ ಮತ್ತು ಊರಿನ ಭಾಷೆಯಲ್ಲಿ ಬೋರ್ಡು ಹಾಕಬೇಕು. ನೋಡಿದ್ದೀರಾ? ಕೈ ಎತ್ತಿ… ಒಬ್ಬರು, ಇಬ್ಬರು. ನಾಳೆ ಹೋದಾಗ ಹುಡುಕಿ. ನಾನು ಒಂದು ಕಡೆ ಹುಡುಕಿದೆ, ಸಿಕ್ಕಿತು, ದೊಡ್ಡ ಕುಂಡದ ಗಿಡದ ಹಿಂದೆ.

ಈಗ ಸಾಕ್ಷಿ ವಿಷಯ. 2015ರ ಮಾರ್ಗಸೂಚಿಯಲ್ಲಿ ಅಪಘಾತವನ್ನು ಕಣ್ಣಾರೆ ಕಂಡವನ ವಿಳಾಸ ಮಾತ್ರ ತೆಗೆದುಕೊಳ್ಳಬಹುದು ಅಂತ ಇತ್ತು. ಬರೀ ಎತ್ತಿ ತಂದವನನ್ನು ಏನೂ ಕೇಳದೆ ಕೂಡಲೇ ಬಿಡಬೇಕು. ಈಗಿನ ನಿಯಮದ ಪ್ರಕಾರ ನೆರವಾದವನು ತಾನಾಗಿ ಒಪ್ಪಿದರೆ ಮಾತ್ರ ಸಾಕ್ಷಿ. ಒಪ್ಪಿದ ಮೇಲೂ ಅವನ ಮನೆಗೋ ಅಂಗಡಿಗೋ, ಅವನಿಗೆ ಅನುಕೂಲವಾದ ಹೊತ್ತಿಗೆ ತನಿಖಾಧಿಕಾರಿಯೇ ಬರಬೇಕು. ಬರುವಾಗ ಯೂನಿಫಾರ್ಮು ಹಾಕಿರಬಾರದು. ಇದನ್ನು ಬರೆದವರು ಯಾರೋ ಗೊತ್ತಿಲ್ಲ, ಆದರೆ ವಠಾರದಲ್ಲಿ ಬಾಳಿದವರು ಇರಬೇಕು. ಖಾಕಿ ಒಮ್ಮೆ ಅಂಗಳಕ್ಕೆ ಬಂದರೆ ನೆರೆಕರೆಯ ಬಾಯಿಗೆ ಆರು ತಿಂಗಳ ಆಹಾರ. ಹೇಳಿಕೆ ಒಂದೇ ಸಲ, ಪದೇ ಪದೇ ಅಲ್ಲ. ಅಧಿಕಾರಿಗೆ ಗೊತ್ತಿಲ್ಲದ ಭಾಷೆ ನಿಮ್ಮದಾದರೆ ದುಭಾಷಿಯನ್ನು ಅವರೇ ತರಬೇಕು. ತುಳು, ಬ್ಯಾರಿ, ಕೊಂಕಣಿ ಮಾತ್ರ ಬರುವ ಅಜ್ಜಿಯಂದಿರು ನಮ್ಮಲ್ಲಿ ಎಷ್ಟು ಜನ ಬೇಕು! ನನ್ನ ಆ ರಿಕ್ಷಾದವರಿಗೆ ಇದೆಲ್ಲ ಇದ್ದಿದ್ದರೆ ‘ನಾನು ಕಂಡಿಲ್ಲ, ಎತ್ತಿದ್ದು ಮಾತ್ರ’ ಅಂತ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ನನ್ನ ಜಾಣತನಕ್ಕೆ ಜಾಗವೇ ಇರುತ್ತಿರಲಿಲ್ಲ.

ಎರಡನೇ ಹೆದರಿಕೆ ವಿದ್ಯಾರ್ಥಿಗಳದ್ದು. ‘ಸರ್, ನಾವು ಎತ್ತುವಾಗ ಏನಾದರೂ ಹೆಚ್ಚುಕಮ್ಮಿ ಆದರೆ?’ ಒಳ್ಳೆಯ ಪ್ರಶ್ನೆ. ಬೆನ್ನುಹುರಿಗೆ ಪೆಟ್ಟಾದವನನ್ನು ತೋಳು ಕಾಲು ಹಿಡಿದು ರಿಕ್ಷಾಕ್ಕೆ ತುರುಕಿದರೆ ಆಮೇಲೆ ಅವನ ಕಾಲು ಬಿದ್ದುಹೋಗಬಹುದು. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹೊಯ್ದರೆ ಶ್ವಾಸಕ್ಕೆ ಹೋಗಬಹುದು. ಹೆಲ್ಮೆಟ್ ಎಳೆದು ತೆಗೆಯುವುದೂ ಅಪಾಯ. ಇದಕ್ಕೆ ಕಾನೂನು ಏನು ಹೇಳುತ್ತದೆ ಅಂತ ನೋಡಲಿಕ್ಕೆ ಸ್ವಲ್ಪ ಹಿಂದೆ ಹೋಗೋಣ, ನನಗೆ ಪ್ರೀತಿಯ ಜಾಗ ಇದು.

1860ರ ದಂಡ ಸಂಹಿತೆಯಲ್ಲಿ 92ನೇ ಕಲಂ ಇತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವನ ಒಳ್ಳೆಯದಕ್ಕೆ ಅಂತ ಸದ್ಭಾವನೆಯಿಂದ ಮಾಡಿದ್ದರಲ್ಲಿ ಅವನಿಗೆ ಹಾನಿಯಾದರೂ ಅದು ಅಪರಾಧ ಅಲ್ಲ. ಅದಕ್ಕೆ ಕೊಟ್ಟ ಉದಾಹರಣೆ ಕೇಳಿ. ಒಬ್ಬನನ್ನು ಹುಲಿ ಕಚ್ಚಿಕೊಂಡು ಹೋಗುತ್ತಿದೆ. ಇನ್ನೊಬ್ಬ ಹುಲಿಗೆ ಗುಂಡು ಹೊಡೆಯುತ್ತಾನೆ, ಗುಂಡು ಮನುಷ್ಯನಿಗೇ ತಾಗಬಹುದು ಅಂತ ಅವನಿಗೆ ಗೊತ್ತುಂಟು. ತಾಗಿಯೇಬಿಟ್ಟಿತು, ಸಾಯುವ ಗಾಯವೇ ಆಯಿತು. ಅಪರಾಧ ಇಲ್ಲ. ಇನ್ನೊಂದು: ಮನೆಗೆ ಬೆಂಕಿ ಬಿದ್ದಿದೆ, ಕೆಳಗೆ ಜನ ಕಂಬಳಿ ಹಿಡಿದು ನಿಂತಿದ್ದಾರೆ, ಮೇಲಿದ್ದವನು ಮಗುವನ್ನು ಕಂಬಳಿಗೆ ಹಾಕುತ್ತಾನೆ. ಮಗು ಉಳಿಯದೇ ಹೋದರೂ ಅವನದು ಅಪರಾಧ ಅಲ್ಲ. ಲಾ ಕಾಲೇಜಿನಲ್ಲಿ ಈ ಹುಲಿ ಬಂದಾಗ ನಾವೆಲ್ಲ ನಕ್ಕಿದ್ದೆವು. ಈಗ ನಗು ಬರುವುದಿಲ್ಲ.

ಆದರೆ ಹಳೇ ಕಾನೂನಿನ ಸದ್ಭಾವನೆಗೆ ಒಂದು ಕೊಕ್ಕೆ ಉಂಟು. ದಂಡ ಸಂಹಿತೆಯ ಪ್ರಕಾರ ಸರಿಯಾದ ಎಚ್ಚರ, ಗಮನ ಇಲ್ಲದೆ ಮಾಡಿದ್ದನ್ನು ಸದ್ಭಾವನೆ ಅನ್ನುವಂತಿಲ್ಲ. ಮನಸ್ಸು ಒಳ್ಳೆಯದಿದ್ದರೆ ಸಾಲದು, ಜಾಗ್ರತೆಯೂ ಬೇಕು. ನ್ಯಾಯ ಸಂಹಿತೆಯಲ್ಲೂ ಅದೇ ಅರ್ಥ. 134ಎ ಹಾಗಲ್ಲ. ತುರ್ತು ನೆರವು ಕೊಡುವಾಗ ನೆರವಾದವನ ನಿರ್ಲಕ್ಷ್ಯದಿಂದಲೇ ಗಾಯ ಅಥವಾ ಸಾವು ಆಗಿದ್ದರೂ ಅವನ ಮೇಲೆ ಸಿವಿಲ್ ದಾವೆಯೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ‘ನಿರ್ಲಕ್ಷ್ಯ’ ಎಂಬ ಶಬ್ದವನ್ನೇ ಹಾಕಿ ಬರೆದಿದ್ದಾರೆ. ವಕೀಲರಾಗುವ ಮಕ್ಕಳು ಇಲ್ಲಿದ್ದರೆ ಇನ್ನೊಂದು ಎಳೆ ಹಿಡಿದುಕೊಳ್ಳಿ: ಕೇಂದ್ರದ ಕಾಯ್ದೆಗಳನ್ನು ಓದಲಿಕ್ಕೆ ಕೀಲಿಕೈ ಇದ್ದ ಹಾಗೆ 1897ರ ಜನರಲ್ ಕ್ಲಾಸಸ್ ಆಕ್ಟ್ ಉಂಟು. ಅದರಲ್ಲಿ ಸದ್ಭಾವನೆ ಅಂದರೆ ಪ್ರಾಮಾಣಿಕವಾಗಿ ಮಾಡಿದ್ದು, ನಿರ್ಲಕ್ಷ್ಯ ಇರಲಿ ಇಲ್ಲದಿರಲಿ. ಒಂದೇ ಶಬ್ದ, ಎರಡು ಕಾನೂನು, ಎರಡು ಅಳತೆ. ರಸ್ತೆಯಲ್ಲಿ ಗಾಬರಿಯಲ್ಲಿ ಎತ್ತುವವನಿಗೆ ದೊಡ್ಡ ಅಳತೆಯನ್ನೇ ಕೊಟ್ಟದ್ದು ಸರಿ ಅಂತ ನನ್ನ ಅಭಿಪ್ರಾಯ. ಹಾಗಂತ ಕುತ್ತಿಗೆ ಅಲುಗಾಡಿಸದೆ ಎತ್ತುವುದು ಹೇಗೆ ಅಂತ ಕಲಿಯುವುದನ್ನು ಬಿಡಬೇಡಿ. ಕೇಸು ಬೀಳುವುದಿಲ್ಲ, ನಿಜ. ಕಾಲು ಬಿದ್ದವನ ಕಾಲು ಎದ್ದು ಬರುವುದಿಲ್ಲವಲ್ಲ.

ಹಿಂದಿನ ಸಾಲಿನವರು ಕೇಳುತ್ತಿದ್ದಾರೆ, ನಮ್ಮ ಗಾಡಿಯೇ ತಾಗಿದ್ದರೆ ನಾವೂ ಸಮರಿಟನ್ನಾ ಅಂತ. ಅಲ್ಲ ಮಾರಾಯ್ರೇ. ಹೊಡೆದವನು ಆಸ್ಪತ್ರೆಗೆ ಮುಟ್ಟಿಸುವುದು ಉಪಕಾರವಲ್ಲ, 134ನೇ ಕಲಮಿನ ಪ್ರಕಾರ ಅವನ ಮೇಲಿರುವ ಕರ್ತವ್ಯ. ಆದರೆ ಕಾನೂನಿಗೆ ನಮ್ಮ ರಸ್ತೆಗಳ ಗುಣ ಗೊತ್ತುಂಟು. ಜನರ ಉದ್ರೇಕದಿಂದಾಗಿಯೋ ಕೈಮೀರಿದ ಬೇರೆ ಕಾರಣದಿಂದಲೋ ಸಾಧ್ಯವಾಗದಿದ್ದರೆ ವಿನಾಯಿತಿ ಅಂತ ಅದರಲ್ಲೇ ಉಂಟು. ಗುಂಪು ಸೇರಿ ಹೊಡೆಯುತ್ತಾರೆ ಅಂತ ಪಾರ್ಲಿಮೆಂಟೇ ಒಪ್ಪಿ ಬರೆದಿಟ್ಟದ್ದು! ಈ ಗುಂಪಿನ ಹೆದರಿಕೆ ನೆರವಾಗಲಿಕ್ಕೆ ನಿಂತವನಿಗೂ ಉಂಟು, ಇವನೇ ಹೊಡೆದದ್ದು ಅಂತ ತಿಳಿದು ನಾಲ್ಕು ಬಿಟ್ಟರೆ? ಅದಕ್ಕೆ ಯಾವ ಕಲಮೂ ಅಡ್ಡ ನಿಲ್ಲುವುದಿಲ್ಲ. ನಾನು ಹೇಳುವುದು, ನಿಲ್ಲಿಸಿದ ಕೂಡಲೇ 112ಕ್ಕೋ 108ಕ್ಕೋ ಫೋನ್ ಮಾಡಿ. ಫೋನ್ ಮಾಡಿದವನ ಹೆಸರೂ ಕಡ್ಡಾಯ ಅಲ್ಲ, ಆದರೆ ಕರೆ ಹೋದ ಹೊತ್ತು ದಾಖಲೆಯಲ್ಲಿ ಉಳಿಯುತ್ತದೆ.

ಇನ್ನೊಂದು ಗಡಿ, ನಮ್ಮ ಕರಾವಳಿಯವರಿಗೆ ಮುಖ್ಯ. 134ಎ ಮೋಟಾರು ವಾಹನದ ಅಪಘಾತಕ್ಕೆ ಮಾತ್ರ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಅಲೆಗೆ ಸಿಕ್ಕಿದವನನ್ನು ಎಳೆದು ತಂದು ಎದೆ ಒತ್ತಿದಿರಿ, ಪಕ್ಕೆಲುಬು ಮುರಿಯಿತು. ಸರಿಯಾಗಿ ಒತ್ತಿದರೂ ಮುರಿಯುವುದುಂಟು ಅಂತ ಡಾಕ್ಟರುಗಳೇ ಹೇಳುತ್ತಾರೆ. ಅಡಿಕೆ ಮರದಿಂದ ಬಿದ್ದವರು, ತೋಟದಲ್ಲಿ ಹಾವು ಕಚ್ಚಿಸಿಕೊಂಡವರು, ಬಾವಿಗೆ ಬಿದ್ದವರು, ಇವರಿಗೆ ನೆರವಾದರೆ ನೀವು 134ಎ ತೋರಿಸಲಿಕ್ಕೆ ಆಗುವುದಿಲ್ಲ. ಕೇಂದ್ರದ ಕಾನೂನಿನ ಮಟ್ಟಿಗೆ ಅಲ್ಲಿ ನಿಮಗೆ ಆ ಹಳೇ ಹುಲಿಯ ಕಲಮೇ ಗತಿ, ಅದಕ್ಕೆ ಎಚ್ಚರವೂ ಬೇಕು. ಸಮುದ್ರ, ಮರ, ಹಾವು ಇರುವ ಊರಿಗೆ ಬರೀ ರಸ್ತೆಯ ರಕ್ಷಣೆ ಅರ್ಧ ಕೊಡೆ ಹಿಡಿದ ಹಾಗೆ. ಮಳೆ ಎರಡೂ ಬದಿಯಿಂದ ಹೊಡೆಯುತ್ತದೆ.

ಆಸ್ಪತ್ರೆಯ ಬಾಗಿಲಿಗೆ ಮಾತ್ರ ಈ ಭೇದ ಇಲ್ಲ. 1989ರ ಆಗಸ್ಟ್ 28ರ ಪರಮಾನಂದ ಕಟಾರ ಪ್ರಕರಣದ ತೀರ್ಪು. ಕಾರು ಹೊಡೆದು ಬಿದ್ದ ಒಬ್ಬ ಸ್ಕೂಟರ್ ಸವಾರನನ್ನು ಆಸ್ಪತ್ರೆಗೆ ಒಯ್ದರು. ಇದು ಪೊಲೀಸ್ ಕೇಸು, ನಮಗೆ ಅಧಿಕಾರ ಇಲ್ಲ, ಸುಮಾರು 20 ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಹೋಗಿ ಅಂದರು. ದಾರಿಯಲ್ಲೇ ಪ್ರಾಣ ಹೋಯಿತು. ಪತ್ರಿಕೆಯಲ್ಲಿ ಬಂದ ಆ ವರದಿಯನ್ನು ಹಿಡಿದುಕೊಂಡು ಪರಮಾನಂದ ಕಟಾರ ಸುಪ್ರೀಂ ಕೋರ್ಟಿಗೆ ಹೋದರು. ಮೊದಲು ಜೀವ, ಆಮೇಲೆ ಕಾಗದ. ಸರಕಾರಿ ಡಾಕ್ಟರಾಗಲಿ ಖಾಸಗಿಯವರಾಗಲಿ ಚಿಕಿತ್ಸೆ ಕೊಡಲೇಬೇಕು ಅಂತ ಕೋರ್ಟು ಹೇಳಿತು. ಹಾಗಾಗಿ ‘ಎಂಎಲ್‌ಸಿ ಆಗಬೇಕು, ಪೊಲೀಸ್ ಬರಲಿ’ ಅಂತ, ಅಂದರೆ ಪೊಲೀಸ್ ಕೇಸಿನ ಆಸ್ಪತ್ರೆ ದಾಖಲೆ ಮೊದಲು ಆಗಲಿ ಅಂತ, ಕ್ಯಾಶುವಾಲ್ಟಿಯಲ್ಲಿ ಯಾರಾದರೂ ಹೇಳಿದರೆ ಜಗಳ ಮಾಡಬೇಡಿ. ‘ಪೊಲೀಸ್ ಬರುವಾಗ ಬರಲಿ, ನೀವು ಶುರು ಮಾಡಿ’ ಅನ್ನಿ. ಸ್ವರ ಏರಿಸದೆ ಅನ್ನಿ. ಅಲ್ಲಿರುವ ಡ್ಯೂಟಿ ಡಾಕ್ಟರ್ ನಿಮ್ಮ ಮಗನ ವಯಸ್ಸಿನವನು ಇರುತ್ತಾನೆ, ಅವನಿಗೂ ಕಾಗದದ್ದೇ ಹೆದರಿಕೆ.

ಕೊನೆಗೆ ಹಣದ ವಿಷಯ, ಯಾಕೆಂದರೆ ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ: ‘ಬಹುಮಾನ ಉಂಟಂತೆ, ಹೌದಾ?’ ಉಂಟು. 2021ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ 5,000 ರೂಪಾಯಿ ಇಟ್ಟಿತು, 2025ರಲ್ಲಿ ಅದನ್ನು 25,000ಕ್ಕೆ ಏರಿಸಿ ‘ರಾಹ್‌ವೀರ್’ ಅಂತ ಹೆಸರಿಟ್ಟಿತು. ಗಂಭೀರ ಅಪಘಾತದಲ್ಲಿ ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿ ಜೀವ ಉಳಿಸಿದವರಿಗೆ. ಪ್ರತಿಫಲ ನಿರೀಕ್ಷಿಸದವನೇ ಸಮರಿಟನ್ ಅಂತ ಕಲಮು, ಅವನಿಗೇ ಬಹುಮಾನ ಅಂತ ಯೋಜನೆ, ಸರಕಾರದ ತಮಾಷೆ ಅಂತ ನಗಬೇಡಿ. ನಿರೀಕ್ಷೆ ಇಟ್ಟುಕೊಂಡು ಮಾಡುವುದು ಬೇರೆ, ಮಾಡಿದ ಮೇಲೆ ಕೊಟ್ಟದ್ದನ್ನು ತೆಗೆದುಕೊಳ್ಳುವುದು ಬೇರೆ. ಒಂದೇ ತೊಡಕು: ಬಹುಮಾನ ಬೇಕಾದರೆ ಹೆಸರು, ವಿಳಾಸ, ಮೊಬೈಲ್ ನಂಬರು ಕೊಡಬೇಕು. ಪೊಲೀಸರು ಬರೆದುಕೊಂಡು ಜಿಲ್ಲಾಧಿಕಾರಿಗಳ ಸಮಿತಿಗೆ ಕಳಿಸುತ್ತಾರೆ. ಹೆಸರು ಹೇಳದೆ ಹೋಗುವುದೂ ನಿಮ್ಮ ಹಕ್ಕು, ಹೇಳಿ ತೆಗೆದುಕೊಳ್ಳುವುದೂ ನಿಮ್ಮ ಹಕ್ಕು.

ಜೀವ ಉಳಿಯದಿದ್ದರೆ ಏನು, ಸೀಟಿನ ಖರ್ಚು ಯಾರು ಕೊಡುತ್ತಾರೆ ಅಂತ ಈ ಅಣ್ಣ ಕೇಳಿದರು. ಯಾರೂ ಕೊಡುವುದಿಲ್ಲ. ಆ ಕಾಲಮ್ಮು ಖಾಲಿ ಬಿಡಬಹುದು ಅಂತ ಕಾನೂನು ಬಂದಿದೆ, ಫೋಮಿಗೆ ಇನ್ನೂ ಬಂದಿಲ್ಲ. ಅದಕ್ಕೇ ನಾನು ನಿಮ್ಮ ಸ್ಟ್ಯಾಂಡಿನವರಿಗೆ ಹೇಳಿದ್ದು, ಸೀಟಿನ ಅಡಿಯಲ್ಲಿ ಒಂದು ಟಾರ್ಪಾಲು ಮಡಚಿ ಇಟ್ಟುಕೊಳ್ಳಿ ಅಂತ. ಮೊದಲ ಹತ್ತು ಟಾರ್ಪಾಲು ನಾನು ಕೊಡಿಸುತ್ತೇನೆ. ಆ ಐದನೇ ವಾಯಿದೆಯ ಬಾಕಿ ನನ್ನ ಮೇಲೆ ಉಂಟು.